ತಣ್ಣಗಿರೋ ಎಂಜಿನ್ ತೋರಿಸೋಕೆ ಏನ್ರೀ ಕಷ್ಟ ನಿಮಗೆ?

ಸೆಕೆಂಡ್ ಹ್ಯಾಂಡ್ ಕಾಂಪ್ಯಾಕ್ಟ್ ಎಸ್‌ಯುವಿ ಮಾರೋರಿಗೆ ಒಂದೇ ಒಂದು ಮಾತು ಹೇಳಿರ್ತೀವಿ: ನಾವು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡಬೇಡಿ. ಹೋಗಿ ನೋಡಿದ್ರೆ ಬಾನೆಟ್ ಮೇಲೆ ಕೈ ಇಡೋಕಾಗಲ್ಲ, ಅಷ್ಟು ಕಾದಿರುತ್ತೆ. "ಜಾಗ ಬದಲಾಯಿಸ್ಬೇಕಿತ್ತು ಸಾರ್" ಅನ್ನೋ ಸಬೂಬು ಬೇರೆ. ಜಾಗ ಬದಲಾಯಿಸಿದ್ರೆ ಎಂಜಿನ್ 90 ಡಿಗ್ರಿಗೆ ಏರುತ್ತಾ?

ಯಾಕೆ ಹೀಗೆ ಮಾಡ್ತಾರೆ ಅನ್ನೋದು ಗೊತ್ತಿರೋ ವಿಷಯವೇ. ರಾತ್ರಿಯಿಡೀ ನಿಂತ ಎಂಜಿನ್ ಮೊದಲ ಅರ್ಧ ನಿಮಿಷದಲ್ಲೇ ತನ್ನ ರೋಗ ಹೇಳಿಬಿಡುತ್ತೆ. ಟೈಮಿಂಗ್ ಚೈನ್ ಸಡಿಲ ಆಗಿದ್ರೆ ಕೆಲವು ಸೆಕೆಂಡ್ ಗರಗರ ಸದ್ದು. ವಾಲ್ವ್ ಸೀಲ್ ಹೋಗಿದ್ರೆ ಸೈಲೆನ್ಸರಿಂದ ಒಂದು ಮೋಡ ನೀಲಿ ಹೊಗೆ. ಡೀಸೆಲ್‌ನಲ್ಲಿ ಗ್ಲೋ ಪ್ಲಗ್ ಸತ್ತಿದ್ರೆ ಕೊಸರಾಡಿಕೊಂಡು ಸ್ಟಾರ್ಟ್ ಆಗುತ್ತೆ. ಬಿಸಿಯಾದ ಮೇಲೆ ಇವೆಲ್ಲ ಬಹುಪಾಲು ಮಾಯ. ಬಾನೆಟ್ ತಣ್ಣಗಿದೆ ಅಂತ ನಂಬೋದೂ ಬೇಡ, ನೀರು ಹೊಡೆದು ಆರಿಸೋ ಮಹಾನುಭಾವರೂ ಇದ್ದಾರೆ. ಗಾಡಿಯ ಕಂಪ್ಯೂಟರ್ ಓದೋ ಓಬಿಡಿ ಸ್ಕ್ಯಾನರ್ ಚುಚ್ಚಿ, ಕೀ ಆನ್ ಮಾಡಿ, ಕೂಲಂಟ್ (ಎಂಜಿನ್ ತಣ್ಣಗಿಡೋ ದ್ರವ) ತಾಪಮಾನ ನೋಡಿ. ರಾತ್ರಿಯಿಂದ ನಿಂತ ಗಾಡಿಯಲ್ಲಿ ಅದು ಹೊರಗಿನ ಗಾಳಿಯ ಆಸುಪಾಸಲ್ಲೇ ಇರಬೇಕು.

ಸ್ಕ್ಯಾನರ್ ಚುಚ್ಚಿದಾಗಲೇ ಎರಡನೇ ಮೋಸ ಹೊರಗೆ ಬೀಳೋದು. "ನೋಡಿ, ದೋಷ ಹೇಳೋ ಕೋಡ್ ಒಂದೂ ಇಲ್ಲ!" ಇರಲ್ಲ ಬಿಡಿ, ಈಗಷ್ಟೇ ಅಳಿಸಿದ್ದೀರಲ್ಲ. ಕೋಡ್ ಅಳಿಸಿದ್ರೆ, ಗಾಡಿ ತನ್ನನ್ನ ತಾನೇ ಪರೀಕ್ಷಿಸಿಕೊಂಡಿದೆಯಾ ಅಂತ ಹೇಳೋ ರೆಡಿನೆಸ್ ಮಾನಿಟರ್‌ಗಳೂ ಖಾಲಿಯಾಗಿ 'ಅಪೂರ್ಣ' ಅಂತ ತೋರಿಸ್ತವೆ. ಬ್ಯಾಟರಿ ಕಳಚಿದ್ರೂ ಬಹಳಷ್ಟು ಗಾಡಿಗಳಲ್ಲಿ ಇದೇ ಕಥೆ. ಮತ್ತೆ ತುಂಬೋಕೆ ಹಲವು ಸಲ, ಬೇರೆಬೇರೆ ವೇಗದಲ್ಲಿ ಓಡಿಸಬೇಕು. ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಅನ್ನೋ ಲೆಕ್ಕವನ್ನೂ ತುಂಬಾ ಗಾಡಿಗಳು ಕೊಡ್ತವೆ. ಅಲ್ಲಿ 3 ಅಂತ ಬಂದ್ರೆ ಮಾತು ಮುಗೀತು, ಕೀ ವಾಪಸ್ ಕೊಡಿ. ಕೀ ಆನ್ ಮಾಡಿದಾಗ ಚೆಕ್ ಎಂಜಿನ್, ಏರ್‌ಬ್ಯಾಗ್ ದೀಪಗಳು ಹೊತ್ತ್ಕೊಳ್ತವಾ ಅಂತಲೂ ನೋಡಿ. ಹೊತ್ತಿಕೊಳ್ಳದೇ ಇದ್ರೆ ಗಾಡಿ ಆರೋಗ್ಯವಾಗಿದೆ ಅಂತಲ್ಲ, ದೀಪದ ಬಾಯಿ ಮುಚ್ಚಿಸಿದ್ದಾರೆ ಅಂತ.

"ಒಂದು ಗೀರೂ ಬಿದ್ದಿಲ್ಲ" ಅನ್ನೋದು ಮುಂದಿನ ಮಂತ್ರ. ಕಂಪನಿ ಪೇಂಟ್ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್. ಪೇಂಟ್ ದಪ್ಪ ಅಳೆಯೋ ಗೇಜ್ ಒಂದು ಡೋರಲ್ಲಿ 130, ಪಕ್ಕದ್ದರಲ್ಲಿ 600 ತೋರಿಸಿದ್ರೆ ಒಳಗೆ ಪುಟ್ಟಿ ಇದೆ. ಪ್ಲಾಸ್ಟಿಕ್ ಬಂಪರ್ ಮೇಲೆ ಈ ಗೇಜ್ ನಡೆಯಲ್ಲ, ಅಲ್ಲಿ ಕಣ್ಣೇ ಗತಿ. ಫೆಂಡರ್, ಬಾನೆಟ್ ಬೋಲ್ಟ್‌ಗಳ ತಲೆ ಮೇಲೆ ಸ್ಪ್ಯಾನರ್ ಗುರುತು ಹುಡುಕಿ, ಇದ್ರೆ ಆ ಭಾಗ ಬಿಚ್ಚಿದ್ದಾರೆ ಅಂತ. ನೀರಲ್ಲಿ ಮುಳುಗಿದ ಗಾಡಿಯಾ? ಸೀಟ್ ಬೆಲ್ಟ್ ಕೊನೆವರೆಗೂ ಎಳೆದು ಕೆಸರಿನ ಕಲೆ ಇದೆಯಾ ನೋಡಿ, ಶಾಂಪೂ ಹೊಡೆಯೋರು ಅಲ್ಲೀವರೆಗೂ ಹೋಗಿರಲ್ಲ.

ಟೈರ್ ವಿಷಯಕ್ಕಂತೂ ಮೈ ಉರಿಯುತ್ತೆ. ಪಾಲಿಷ್ ಹಚ್ಚಿ ಮಿಂಚಿಸಿರ್ತಾರೆ, ಪಕ್ಕದಲ್ಲಿ 1417 ಅಂತಿರುತ್ತೆ, ಅಂದ್ರೆ 2017ರ 14ನೇ ವಾರದ ಮಾಲು. ಆಲ್ ವೀಲ್ ಡ್ರೈವ್ ಗಾಡಿಗೆ ಎರಡು ಹೊಸದು, ಎರಡು ಸವೆದಿದ್ದು ಹಾಕಿ ಓಡಿಸಿರ್ತಾರಲ್ಲ, ಅದು ಇನ್ನೂ ಕೆಟ್ಟದ್ದು. ಸುತ್ತಳತೆ ಬೇರೆಬೇರೆ ಆಗಿ ಹಿಂದಿನ ಚಕ್ರಕ್ಕೆ ಶಕ್ತಿ ಕಳಿಸೋ ಕಪ್ಲಿಂಗ್ ಸುಮ್ಮನೆ ಒದ್ದಾಡಿ ಬಿಸಿಯಾಗುತ್ತೆ. ಆ ಬಿಲ್ ಕಟ್ಟೋದು ಅವರಲ್ಲ, ಪೈಸೆ ಪೈಸೆ ಕೂಡಿಟ್ಟು ಕೊಂಡವರು.

ಬರೀ ಪೇಟೆ ಒಳಗೇ ಓಡಿದ ಡೀಸೆಲ್ ಗಾಡಿಯನ್ನ "ಕಮ್ಮಿ ಓಡಿದೆ" ಅಂತ ಹೊಗಳಿ ಮಾರ್ತಾರೆ. ಆ ಕಮ್ಮಿ ಓಟವೇ ಕಾಯಿಲೆ ಕಣ್ರೀ! ಡಿಪಿಎಫ್‌ನಲ್ಲಿ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಕೂತ ಮಸಿ ಸುಡೋಕೆ ದೂರದ ಓಟದ ಬಿಸಿ ಬೇಕು. ಆ ಸುಡೋ ಕೆಲಸ ಅರ್ಧಕ್ಕೇ ನಿಂತ್ರೆ, ಸುಡದೇ ಉಳಿದ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಮೇಲಿನ ಗೆರೆ ದಾಟಿ, ಡೀಸೆಲ್ ವಾಸನೆ ಹೊಡೆದ್ರೆ ಗೊತ್ತಾಯ್ತಲ್ಲ. ಆಟೊಮ್ಯಾಟಿಕ್ ಆದ್ರೆ ಹೈವೇಗಿಂತ ಆಮೆ ವೇಗದಲ್ಲಿ ಓಡಿಸಿ, ಏರು ರಸ್ತೇಲಿ ರಿವರ್ಸ್ ತೆಗೀರಿ. ನಡುಕ, ಜಾರಾಟ ಅಲ್ಲೇ ಸಿಗೋದು.

ಇಷ್ಟೆಲ್ಲ ಆದ್ಮೇಲೆ ಕೈಗೆ ಉದ್ದನೆಯ ತಪಾಸಣೆ ಪಟ್ಟಿ ಹಿಡಿಸ್ತಾರೆ. ವೈಪರ್ ಸರಿ, ಹಾರ್ನ್ ಸರಿ, ಮ್ಯಾಟ್ ಸರಿ! ಎಂಜಿನ್ ಒಳಗಿನ ಕಂಪ್ರೆಷನ್ (ಒತ್ತಡ) ಎಷ್ಟು, ಗೇರ್ ಆಯಿಲ್ ಯಾವಾಗ ಬದಲಾಯಿಸಿದ್ರಿ ಅಂದ್ರೆ ಅದಕ್ಕೆ ಕಾಲಮ್ಮೇ ಇಲ್ಲ. ನಮ್ಮ ಮೆಕ್ಯಾನಿಕ್ ಹತ್ರ ಲಿಫ್ಟ್ ಮೇಲೆ ಏರಿಸಿ ನೋಡ್ತೀವಿ ಅಂದ್ರೆ ಮುಖ ಸಿಂಡರಿಸಿ, "ನಂಬಿಕೆ ಇಲ್ವಾ ಸಾರ್?"

ಇಲ್ಲ. ಲಿಫ್ಟ್‌ಗೆ ಹತ್ಸಿ.