ರೋಮಿನಲ್ಲಿ ಎಡವುವುದು ಹೇಗೆ?

ರೋಮಿಗೆ ಹೋಗಿಬಂದವರ ಫೋಟೋಗಳಲ್ಲಿ ಎಲ್ಲರ ಕತ್ತೂ ಮೇಲಕ್ಕೆ. ನೋಡುವಂಥದ್ದೆಲ್ಲ ಅಲ್ಲೇ ತಾನೆ ಇರುವುದು? ಗುಮ್ಮಟ, ಕಮಾನು, ಕಂಬ, ಕಂಬದ ತುದಿಯಲ್ಲೊಬ್ಬ ಸಂತ. ಪಜೀತಿ ಮಾತ್ರ ಪಾದದ ಮಟ್ಟದಲ್ಲಿ ಶುರುವಾಗುತ್ತದೆ.

ಮೊದಲ ಆರೋಪಿ ಬೀದಿಗೆ ಹಾಸಿದ ಕಪ್ಪು ಕಲ್ಲು. ಹೆಸರು ಸಾಂಪಿಯೆತ್ರೀನಿ, ಹುಟ್ಟು ಜ್ವಾಲಾಮುಖಿಯದು. ಮೇಲ್ಮುಖ ಸುಮಾರು 12 ಸೆಂಟಿಮೀಟರ್ ಚೌಕ, ಕೆಳಕ್ಕೆ ಹೋದಂತೆ ಕಿರಿದು. ಒಸಡಿನಲ್ಲಿ ದವಡೆಹಲ್ಲು ಕೂತಂತೆ ಮರಳಿನಲ್ಲಿ ಕೂರಿಸುವುದು ಹಳೆಯ ಪದ್ಧತಿ. ಸಂದಿಯಲ್ಲಿ ಮಳೆನೀರು ಇಂಗಿಹೋಗುತ್ತದೆ, ಒಳ್ಳೆಯದೇ. ಆದರೆ ಅದೇ ಸಂದಿಗೆ ಸೂಟ್‌ಕೇಸಿನ ಪುಟ್ಟ ಚಕ್ರವೂ ಇಳಿಯುತ್ತದೆ. ಏರ್‌ಪೋರ್ಟಿನ ನುಣುಪು ನೆಲದಲ್ಲಿ ಒಂದು ಬೆರಳಿಗೆ ಓಡಿಬಂದ ನಾಲ್ಕು ಚಕ್ರದ ಸೂಟ್‌ಕೇಸು ಇಲ್ಲಿ ಹಟಮಾರಿ ಕರುವಾಗುತ್ತದೆ. ನಾಲ್ಕನ್ನೂ ನೆಲಕ್ಕೂರಿ ತಳ್ಳಿದರೆ ಒಂದಲ್ಲ ಒಂದು ಚಕ್ರ ಅಡ್ಡ ತಿರುಗಿ ಸಿಕ್ಕಿಕೊಳ್ಳುತ್ತದೆ. ಎಳೆದರೆ ಅಚ್ಚೇ ಕಿತ್ತುಬರುತ್ತದೆ. ಓರೆ ಮಾಡಿ, ಎರಡೇ ಚಕ್ರದ ಮೇಲೆ ಎಳೆಯಬೇಕು. ಬೆನ್ನಿಗೆ ಹೊರುವ ಚೀಲವಾದರೆ ಇನ್ನೂ ಉತ್ತಮ. ಎತ್ತರದ ಹಿಮ್ಮಡಿಯ ಚಪ್ಪಲಿ ಪೆಟ್ಟಿಗೆಯಲ್ಲೇ ಇರಲಿ. ಮಳೆ ಬಿದ್ದರಂತೂ ಇಡೀ ಬೀದಿ ಸೋಪು ಚೆಲ್ಲಿದ ಬಚ್ಚಲುಕಲ್ಲು.

ಕೊಲೊಸಿಯಂಗೆ ಟಿಕೆಟ್ ಕೊಳ್ಳುವಾಗ ನಮ್ಮವರಿಗೆ ಒಂದು ವಿಶೇಷ ತೊಡಕಿದೆ. ಟಿಕೆಟ್ ಮೇಲೆ ಹೆಸರಿರುತ್ತದೆ, ಬಾಗಿಲಲ್ಲಿ ಅದನ್ನು ಗುರುತಿನ ಚೀಟಿಯ ಜೊತೆ ತಾಳೆ ನೋಡುತ್ತಾರೆ. ಪಾಸ್‌ಪೋರ್ಟಿನಲ್ಲಿ ಊರು, ತಾತ, ಅಪ್ಪ ಎಲ್ಲರೂ ವಿಸ್ತಾರವಾಗಿ ಕೂತಿರುತ್ತಾರೆ. ಟಿಕೆಟ್ಟಿನಲ್ಲಿ ಅಭ್ಯಾಸಬಲದಿಂದ ಹಾಕಿದ ಎರಡು ಇನಿಷಿಯಲ್ಲು. ಪಾಸ್‌ಪೋರ್ಟಿನಲ್ಲಿ ಇದ್ದದ್ದನ್ನು ಇದ್ದಹಾಗೇ ತುಂಬುವುದು ಕ್ಷೇಮ. ಗಾಜಿನ ಬಾಟಲಿ, ದೊಡ್ಡ ಬ್ಯಾಗು ಒಳಗೆ ಬಿಡುವುದಿಲ್ಲ. ಹೋಟೆಲ್ ಖಾಲಿ ಮಾಡಿ ಲಗೇಜಿನ ಸಮೇತ ಬಂದವರು ಒಬ್ಬೊಬ್ಬರಾಗಿ ಸರದಿಯ ಮೇಲೆ ನೋಡಿಬರಬೇಕಾಗುತ್ತದೆ. ಆದರೆ ಟಿಕೆಟ್ಟಿನಲ್ಲಿ ಗಂಟೆ ನಿಗದಿ. ಎರಡನೆಯವರ ಸರದಿ ಬರುವಷ್ಟರಲ್ಲಿ ಅದು ಮುಗಿದಿರುತ್ತದೆ.

ಹೊರಗೋಡೆಯ ಕಮಾನುಗಳ ಮೇಲೆ ಬಾಗಿಲ ಸಂಖ್ಯೆ ಕೆತ್ತಿದೆ. 80 ಬಾಗಿಲುಗಳಲ್ಲಿ 76ಕ್ಕೆ ನಂಬರಿತ್ತು, 23ರಿಂದ 54ರವರೆಗಿನವು ಉಳಿದಿವೆ. ರೋಮನ್ ಅಂಕಿಯ ನಾಲ್ಕೆಂದರೆ ಐದರ ಎಡಕ್ಕೊಂದು ಕಡ್ಡಿ ಎಂದು ಮಗುವಿಗೆ ಪಾಠ ಹೇಳಲು ಹೊರಟವರ ಮಾನ ಇಲ್ಲಿ ಹೋಗುತ್ತದೆ. 44ರ ಬಾಗಿಲ ಮೇಲೆ ನಲವತ್ತರ ಗುರುತು, ಪಕ್ಕದಲ್ಲಿ ಸಾಲಾಗಿ ನಾಲ್ಕು ಕಡ್ಡಿ. ಖುದ್ದು ರೋಮನ್ನರೇ ತಪ್ಪು ಬರೆದಿದ್ದಾರೆ ಎಂದು ಮಗುವಿಗೆ ಒಪ್ಪಿಸುವುದು ಕಷ್ಟ. ಗೋಡೆಯ ತುಂಬ ಇರುವ ತೂತುಗಳು ಗುಂಡೇಟಲ್ಲ; ಕಲ್ಲಿಗೆ ಕಲ್ಲು ಬಿಗಿದಿದ್ದ ಕಬ್ಬಿಣದ ಕೊಂಡಿಗಳನ್ನು ಮುಂದಿನ ಕಾಲದವರು ಅಗೆದು ಒಯ್ದ ಗಾಯ.

ಅದೇ ಟಿಕೆಟ್ಟಿನಲ್ಲಿ ಹಳೆಯ ರೋಮಿನ ನಗರಚೌಕವಾದ ಫೋರಂ ಮತ್ತು ಪಕ್ಕದ ಪ್ಯಾಲಟೈನ್ ಗುಡ್ಡಕ್ಕೂ ಒಂದು ಪ್ರವೇಶವಿದೆ. ಒಂದು ಎಂದರೆ ಒಂದೇ. ನೀರು ತರುತ್ತೇನೆಂದು ಗೇಟು ದಾಟಿದವರಿಗೆ ಮರುಪ್ರವೇಶವಿಲ್ಲ. ನೀರಿನ ಕಂಬ ಒಳಗೇ ಇದೆ.

ನಿಜ ಹೇಳಬೇಕೆಂದರೆ ಈ ಊರಿನ ಅತ್ಯುತ್ತಮ ಸ್ಮಾರಕ ಆ ನೀರಿನ ಕಂಬವೇ. ನಸೋನೆ, ಅಂದರೆ ದೊಡ್ಡ ಮೂಗು. 1874ರಿಂದ ನಿಲ್ಲಿಸುತ್ತ ಬಂದ ಈ ಎರಕದ ಕಬ್ಬಿಣದ ಗಿಡ್ಡ ಕಂಬಗಳು ನಗರದಲ್ಲಿ ಸುಮಾರು 2,500 ಇವೆ. ತಿರುಗಿಸಲು ನಲ್ಲಿಯಿಲ್ಲ, ಹಗಲೂ ರಾತ್ರಿ ತಣ್ಣಗಿನ ಕುಡಿಯುವ ನೀರು ಸುರಿಯುತ್ತಲೇ ಇರುತ್ತದೆ. ನಮ್ಮ ಕಣ್ಣಿಗೆ ಅದು ಯಾರೋ ನಲ್ಲಿ ನಿಲ್ಲಿಸದೆ ಹೋದಂತೆ. ಒಂದು ಸುತ್ತು ಹುಡುಕಾಡದೆ ಮನಸ್ಸಿಗೆ ಸಮಾಧಾನವಿಲ್ಲ. ಕುಡಿಯಲು ಕೆಳಗಿನಿಂದ ಬಾಯಿ ಒಡ್ಡಿದರೆ ಅಂಗಿಯೂ ಕುಡಿಯುತ್ತದೆ. ಮೂಗಿನ ಬಾಗಿದ ಬೆನ್ನ ಮೇಲೊಂದು ಸಣ್ಣ ತೂತಿದೆ, ನೋಡಿ. ಮೂಗಿನ ತುದಿಯನ್ನು ಬೆರಳಿನಿಂದ ಮುಚ್ಚಿದರೆ ನೀರು ಆ ತೂತಿನಿಂದ ಕಾರಂಜಿಯಂತೆ ಮೇಲೇಳುತ್ತದೆ. ನಿಧಾನವಾಗಿ ಮುಚ್ಚಬೇಕು, ಮುಖ ಪಕ್ಕಕ್ಕಿರಬೇಕು. ತೂತಿನೊಳಗೆ ಏನಿದೆಯೆಂದು ಬಗ್ಗಿ ನೋಡುತ್ತ ಒಮ್ಮೆಗೇ ಒತ್ತಿದವರ ಕನ್ನಡಕಕ್ಕೆ ಅಲ್ಲೇ ಅಭಿಷೇಕ.

ಹಳೆಯ ರೋಮನ್ ದೇಗುಲ ಪ್ಯಾಂಥಿಯನ್ನಿನ ಗುಮ್ಮಟದ ಅಗಲ 43.3 ಮೀಟರ್, ನೆಲದಿಂದ ಎತ್ತರವೂ ಅಷ್ಟೇ. ನೆತ್ತಿಯ ದುಂಡು ಕಿಂಡಿಗೆ ಗಾಜೂ ಇಲ್ಲ, ಮುಚ್ಚಳವೂ ಇಲ್ಲ. ಒಳಗಿನ ಬಿಸಿಗಾಳಿ ತಡೆಯುವುದರಿಂದ ಮಳೆ ಕೆಳಗೆ ಬೀಳುವುದಿಲ್ಲ ಎಂಬ ಕತೆಯನ್ನು ನಂಬಿ ಛತ್ರಿ ಮಡಚಿದವರು ನೆನೆಯುತ್ತಾರೆ. ಮಳೆ ಧಾರಾಳವಾಗಿ ಬೀಳುತ್ತದೆ. ಅದಕ್ಕೆಂದೇ ಅಮೃತಶಿಲೆಯ ನೆಲ ಸ್ವಲ್ಪ ಉಬ್ಬಿದೆ, ನೀರು ಹೋಗಲು 22 ತೂತುಗಳಿವೆ. ಕಿಂಡಿಯನ್ನು ಫೋನಿನಲ್ಲಿ ಹಿಡಿಯುತ್ತ ಹಿಂದಕ್ಕೆ ಹೆಜ್ಜೆಯಿಡುವವರು ಸರಿಯಾಗಿ ಆ ಒದ್ದೆ ಜಾಗಕ್ಕೇ ಬರುತ್ತಾರೆ. 609ರಿಂದ ಇದು ಚರ್ಚು. ದೇವರ ಮನೆಯೆಂದು ಚಪ್ಪಲಿ ಬಿಡಲು ಜಾಗ ಹುಡುಕಬೇಕಿಲ್ಲ, ಭುಜ ಮತ್ತು ಮಂಡಿ ಮುಚ್ಚಿದ್ದರಾಯಿತು. ಬ್ಯಾಗಿನಲ್ಲೊಂದು ತೆಳು ದುಪಟ್ಟಾ ಇಟ್ಟುಕೊಂಡವರು ಜಾಣರು.

ಇಷ್ಟು ಅಲೆದ ಮೇಲೆ ಸ್ಪ್ಯಾನಿಷ್ ಮೆಟ್ಟಿಲುಗಳನ್ನು ಕಂಡರೆ ಯಾರಿಗಾದರೂ ಉಸ್ಸಪ್ಪಾ ಎಂದು ಕೂರೋಣವೆನಿಸುತ್ತದೆ. ಕೂರಬಾರದು! 2019ರಿಂದ ಅಲ್ಲಿ ಕೂತರೆ ದಂಡ, 250 ಯೂರೋದಿಂದ ಶುರು. ಮೊದಲು ಪೊಲೀಸರ ಸೀಟಿ ಕೇಳುತ್ತದೆ. ಕೇಳಿದೊಡನೆ ಲೇಸು ಕಟ್ಟಿಕೊಳ್ಳುತ್ತಿದ್ದಂತೆ ನಟಿಸಿ ಏಳುವವರೇ ಹೆಚ್ಚು. ಟ್ರೆವಿ ಕಾರಂಜಿಯಲ್ಲಿ ಕಾಲು ಅದ್ದುವುದಕ್ಕೂ ದಂಡವುಂಟು. ನಾಣ್ಯ ಎಸೆಯಬಹುದು: ಕಾರಂಜಿಗೆ ಬೆನ್ನು ಹಾಕಿ, ಬಲಗೈಯಿಂದ, ಎಡಭುಜದ ಮೇಲೆ. ಇನ್ನೊಂದು ಕೈಯಲ್ಲಿ ಸೆಲ್ಫಿಗೆಂದು ಹಿಡಿದ ಫೋನ್ ಇದ್ದರೆ ಯಾವುದು ನೀರಿಗೆ ಬೀಳುತ್ತದೆಂದು ಮೊದಲೇ ಹೇಳಲಾಗದು.

ಸಾಂತಾ ಮರಿಯಾ ಇನ್ ಕೊಸ್ಮೆದಿನ್ ಚರ್ಚಿನ ಮುಂಗಟ್ಟಿನಲ್ಲಿ ಗೋಡೆಗೆ ಒರಗಿಸಿದ ಕಲ್ಲಿನ ದುಂಡು ಮುಖವಿದೆ. ಸುಳ್ಳು ಹೇಳುವವರ ಕೈಯನ್ನು ಅದರ ಬಾಯಿ ಕಚ್ಚುತ್ತದೆ ಎಂಬ ನಂಬಿಕೆ. ಅದು ಹಿಂದೊಂದು ಕಾಲಕ್ಕೆ ಚರಂಡಿಯ ಮುಚ್ಚಳವಾಗಿತ್ತು ಎನ್ನುವವರಿದ್ದಾರೆ. ಅದರ ಮುಂದೆ ಈಗ ಉದ್ದ ಕ್ಯೂ. ಗಂಡ ಕೈ ಹಾಕುತ್ತಾನೆ, ಹೆಂಡತಿ ಫೋನ್ ಹಿಡಿದು "ಒಂದ್ನಿಮಿಷ, ಹಾಗೇ ಇರಿ" ಎನ್ನುತ್ತಾಳೆ. ಕಚ್ಚಲಿಕ್ಕೆ ಅಷ್ಟು ಹೊತ್ತು ಸಾಕು. ಸದ್ಯ, ಮುಂದಿನವರು ಆಗಲೇ ಗೊಣಗುತ್ತಿರುತ್ತಾರೆ.