ಇಪ್ಪತ್ತೇಳು ಸಿಂಫನಿ, ಒಂದು ಬುಟ್ಟಿ ಮಂಡಕ್ಕಿ

ಸಂಗೀತ ನಡೆಯುತ್ತಿರುವಾಗ ಕೈ ಎತ್ತಿ "ಇರ್ರಿ ಇರ್ರಿ, ಇಲ್ಲಿ ಕೇಳ್ರಿ" ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೇಳುತ್ತಲೇ ಇದ್ದೆನಲ್ಲ ಮಾರಾಯ! ನೀನು ಬಾಯಿ ತೆರೆದ ಮೇಲಲ್ಲವೇ ಕೇಳದೆ ಹೋದದ್ದು?

ನನಗೆ ಗೊತ್ತಿರುವಂತೆ ದಾವಣಗೆರೆಯಲ್ಲಿ ಹೀಗೆ ಕೈ ಎತ್ತುವವರು ಇಬ್ಬರಿದ್ದಾರೆ. ಒಬ್ಬರು ಫಿಸಿಕ್ಸ್ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬರು ಒಂದು ಕಾಲಕ್ಕೆ ಹತ್ತಿ ವ್ಯಾಪಾರ ಮಾಡುತ್ತಿದ್ದ ಸಾಹುಕಾರರು. ಈಗ ವ್ಯವಹಾರವನ್ನೆಲ್ಲ ಮಗನಿಗೆ ಬಿಟ್ಟುಕೊಟ್ಟು ಆರಾಮಾಗಿದ್ದಾರೆ. ಊರಲ್ಲಿ ಉಳಿದವರು ಯಾವ ಹೋಟೆಲಿನ ಬೆಣ್ಣೆ ದೋಸೆ ಚೆನ್ನ ಎಂದು ಜಗಳವಾಡಿದರೆ, ಇವರಿಬ್ಬರು ಮ್ಯಾಸ್ಕೋವ್‌ಸ್ಕಿಯ ಯಾವ ರೆಕಾರ್ಡಿಂಗ್ ಚೆನ್ನ ಎಂದು ಜಗಳವಾಡುತ್ತಾರೆ. ಮೇಷ್ಟ್ರ ಹತ್ತಿರ ಜ್ಞಾನ ಇದೆ, ಸಾಹುಕಾರರ ಹತ್ತಿರ ದೊಡ್ಡ ಸ್ಪೀಕರ್ ಇದೆ. ಹಾಗಾಗಿ ಭಾನುವಾರ ಸಂಜೆ ಪಿ.ಜೆ. ಬಡಾವಣೆಯಲ್ಲಿ ಸಾಹುಕಾರರ ಮನೆಯ ಹಾಲ್‌ನಲ್ಲಿ ಸಭೆ. ನಾನು ಶ್ರೋತೃವರ್ಗ. ವರ್ಗ ಅಂದರೆ ನಾನೊಬ್ಬನೇ.

ನಿಕೊಲಾಯ್ ಮ್ಯಾಸ್ಕೋವ್‌ಸ್ಕಿಯ ಹೆಸರು ನೀವು ಕೇಳಿರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಕೇಳಿದ್ದರೆ ಇವರಿಬ್ಬರಿಗೆ ಬೇಜಾರಾಗುತ್ತದೆ. ರಷ್ಯಾದವನು. 1881ರಲ್ಲಿ ಹುಟ್ಟಿದ, 1950ರಲ್ಲಿ ತೀರಿಕೊಂಡ. ಮಿಲಿಟರಿ ಎಂಜಿನಿಯರ್ ಆಗಿದ್ದವನು ಆ ಕೆಲಸ ಬಿಟ್ಟು ಸಂಗೀತಕ್ಕೆ ಬಂದ. ಬರೆದದ್ದು 27 ಸಿಂಫನಿ, ಅಂದರೆ ದೊಡ್ಡ ವಾದ್ಯವೃಂದ ನುಡಿಸುವ ಉದ್ದನೆಯ ಕೃತಿಗಳು. ಬೀಥೋವನ್‌ನ ಮೂರು ಪಟ್ಟು! ಪ್ರೊಕೊಫಿಯೆವ್ ಇವನ ಆಪ್ತ ಗೆಳೆಯ, ಕಚಾಟೂರಿಯನ್ ಇವನ ಶಿಷ್ಯ. ಗೆಳೆಯನ ಹೆಸರು ಉಳಿಯಿತು, ಶಿಷ್ಯನ ಹೆಸರೂ ಉಳಿಯಿತು. ಇವನದು ಮಾತ್ರ ಸಾಹುಕಾರರ ಹಾಲ್‌ನಲ್ಲಿ ಉಳಿದಿದೆ.

ಜಗಳ ಹೆಚ್ಚಾಗಿ ಆರನೇ ಸಿಂಫನಿಯ ಮೇಲೆ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು, ಆಮೇಲೆ ಕ್ರಾಂತಿ ನೋಡಿ, ತನ್ನನ್ನು ಸಾಕಿದ ಸೋದರತ್ತೆಯನ್ನು ಕಳೆದುಕೊಂಡು 1921ರಿಂದ 23ರವರೆಗೆ ಬರೆದದ್ದು. ಒಂದು ಗಂಟೆಗೂ ಜಾಸ್ತಿ ಇದೆ. ವಾದ್ಯವೃಂದ ನಡೆಸುವವರಲ್ಲಿ ಮೇಷ್ಟ್ರು ಕೊಂದ್ರಾಶಿನ್ ಪಕ್ಷ. 1959ರ ರೆಕಾರ್ಡಿಂಗ್, ಸದ್ದು ಸ್ವಲ್ಪ ಹಳತು, ಆದರೆ ಬೆಂಕಿ ಅನ್ನುತ್ತಾರೆ. ಸಾಹುಕಾರರು ಸ್ವೆಟ್ಲಾನೊವ್ ಪಕ್ಷ. ಸೋವಿಯತ್ ಒಕ್ಕೂಟವೇ ಕುಸಿದುಬಿದ್ದ ಹೊತ್ತಿನಲ್ಲಿ, 1991ರಿಂದ 93ರ ನಡುವೆ, ಈ ಪುಣ್ಯಾತ್ಮ 27 ಸಿಂಫನಿಯನ್ನೂ ನುಡಿಸಿ ರೆಕಾರ್ಡ್ ಮಾಡಿಟ್ಟ. ಅವನ್ನು ಒಂದೊಂದಾಗಿ ಹೊರತರುತ್ತಿದ್ದ ಕಂಪನಿ ಮಧ್ಯದಲ್ಲೇ ಬಾಗಿಲು ಹಾಕಿತು. ಕೊನೆಗೆ ಎಲ್ಲ ಸೇರಿ 16 ಸಿ.ಡಿ.ಗಳ ಡಬ್ಬಿ ಬಂತು. ಆ ಡಬ್ಬಿಯನ್ನು ಸಾಹುಕಾರರು ದುಡ್ಡು ಕೊಟ್ಟು ತರಿಸಿದ್ದಾರೆ. ಹಾಗೆ ದುಡ್ಡು ಕೊಟ್ಟವರು ಇನ್ನೊಂದು ಪಕ್ಷಕ್ಕೆ ಹೋಗಲಾದೀತೇ?

ಈ ಸಿಂಫನಿಯ ಕೊನೆಯ ಭಾಗ ಫ್ರೆಂಚ್ ಕ್ರಾಂತಿಯ ಹಾಡುಗಳೊಂದಿಗೆ ಜೋರಾಗಿ ಕುಣಿಯುತ್ತ ಶುರುವಾಗುತ್ತದೆ. ಆಮೇಲೆ ಕತ್ತಲಾಗುತ್ತದೆ. ಜೀವ ದೇಹ ಬಿಟ್ಟು ಹೊರಡುವುದರ ಬಗ್ಗೆ ಇರುವ ಒಂದು ಹಳೆಯ ರಷ್ಯನ್ ಹಾಡನ್ನು ಹಾಡುಗಾರರ ಮೇಳದವರು ಹಾಡುತ್ತಾರೆ. ಮೇಳ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದು ಮ್ಯಾಸ್ಕೋವ್‌ಸ್ಕಿಯೇ ಬಿಟ್ಟುಕೊಟ್ಟಿದ್ದಾನೆ. ಪಾಪ, ಅವನಿಗೆ ಇವರಿಬ್ಬರ ಪರಿಚಯ ಇರಲಿಲ್ಲ. ಮೇಳ ಬೇಕು, ಬೇಡ ಎನ್ನುವ ವಾದ ಸಾಹುಕಾರರ ಮನೆಯಲ್ಲಿ ಮೇಳ ಬಾಯಿ ತೆರೆಯುವ ಮೊದಲೇ ಶುರುವಾಗುತ್ತದೆ. ರಿಮೋಟು ಮೇಷ್ಟ್ರ ಕೈಯಲ್ಲಿರುತ್ತದೆ. ನಾನು ಆ ಮನೆಯಲ್ಲಿ ಆರನೆಯದರ ಕೊನೆಯನ್ನು ಇವತ್ತಿನವರೆಗೆ ಕೇಳಿಲ್ಲ.

ಇಷ್ಟಾದರೂ ನಾನು ಹೋಗುವುದು ಯಾಕೆ? ಮಂಡಕ್ಕಿಗೆ. ಮುಚ್ಚಿಡುವುದೇನಿದೆ?

ನಮ್ಮ ಊರಿನ ಮಂಡಕ್ಕಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಇಲ್ಲಿ ಮಂಡಕ್ಕಿ ಭಟ್ಟಿಗಳದ್ದೇ ಒಂದು ಪ್ರದೇಶ ಇದೆ. ಬಿಸಿ ಮರಳಿನಲ್ಲಿ ಅಕ್ಕಿ ಅರಳುವುದನ್ನು ನೋಡಿ ಬೆಳೆದವರು ನಾವು. ಸಂಜೆ ಆದರೆ ಮಂಡಕ್ಕಿ, ಜೊತೆಗೆ ಮಿರ್ಚಿ. ಅದರಲ್ಲೂ ನರ್ಗೀಸ್ ಮಂಡಕ್ಕಿ ಅಂತ ಒಂದಿದೆ. ಒಣಗಿದ್ದು, ಖಾರದ್ದು, ಗರಿಗರಿ. ಸಾಹುಕಾರರ ಮನೆಯವರು ಅದನ್ನು ಬುಟ್ಟಿಯಲ್ಲಿ ತಂದಿಟ್ಟು ಒಳಗೆ ಹೋಗುತ್ತಾರೆ. ಅವರನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ. ಅಕ್ಕ ಸಿಂಫನಿ ಕೇಳುವುದಿಲ್ಲ. ಆ ಮನೆಯಲ್ಲಿ ಬುದ್ಧಿ ಇರುವುದು ಅವರೊಬ್ಬರಿಗೇ.

ತೊಂದರೆ ಏನೆಂದರೆ ನರ್ಗೀಸ್ ಮಂಡಕ್ಕಿ ಬಾಯಲ್ಲಿ ಸದ್ದು ಮಾಡುತ್ತದೆ. ಆರನೆಯದರ ನಿಧಾನದ ಭಾಗ ಬಂತೆನ್ನಿ. ಪಿಟೀಲುಗಳು ಕೇಳಿಸಿಯೂ ಕೇಳಿಸದ ಹಾಗೆ ನುಡಿಯುತ್ತಿವೆ. ಅಷ್ಟರಲ್ಲಿ ಎಡಗಡೆ ಸೋಫಾದಿಂದ ಕರಂ ಕರಂ. ಸಾಹುಕಾರರು ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ನನ್ನ ಕಡೆ ನೋಡಿದರು. ಸದ್ದು ಮೇಷ್ಟ್ರದೇ! ಮಾಸ್ಕೋದಲ್ಲಿ 1959ರಲ್ಲಿ ಯಾರೋ ಕುರ್ಚಿ ಎಳೆದದ್ದು ಈ ಮನುಷ್ಯನಿಗೆ ಕೇಳಿಸುತ್ತದೆ, ತಮ್ಮ ದವಡೆಯ ಸದ್ದು ಕೇಳಿಸುವುದಿಲ್ಲ.

ಅವತ್ತೇ ನಿರ್ಣಯ ಆಯಿತು: ನಿಧಾನದ ಭಾಗದಲ್ಲಿ ನರ್ಗೀಸ್ ಬೇಡ, ಒಗ್ಗರಣೆ ಮಂಡಕ್ಕಿ ಇರಲಿ. ನೀರಲ್ಲಿ ತೊಯ್ಸಿ ಹಿಂಡಿದ ಮಂಡಕ್ಕಿ, ಮೆತ್ತಗಿರುತ್ತದೆ, ಸದ್ದಿಲ್ಲ. ಸರಿ, ಬಂತು. ಅದರಲ್ಲಿ ಶೇಂಗಾ ಇತ್ತು. ಸಿಂಫನಿಯಲ್ಲಿ ಮಂಡಕ್ಕಿಗಿಂತ ಶೇಂಗಾ ಕಷ್ಟ. ಮಂಡಕ್ಕಿಯ ಸದ್ದು ಒಂದೇ ಸಮ ಇರುತ್ತದೆ, ಕಿವಿ ಹೊಂದಿಕೊಳ್ಳುತ್ತದೆ. ಶೇಂಗಾ ಯಾವಾಗ ಸಿಗುತ್ತದೆ ಎಂದು ತಿನ್ನುವವನಿಗೂ ಗೊತ್ತಿರುವುದಿಲ್ಲ. ಮೇಷ್ಟ್ರು ಅಡುಗೆಮನೆ ಬಾಗಿಲಿಗೆ ಹೋಗಿ, "ಅಕ್ಕಾ, ಮುಂದಿನ ವಾರದಿಂದ ಶೇಂಗಾ ಹಾಕದೆ ಮಾಡಿದರೆ ಆಗಲ್ವಾ?" ಎಂದು ಕೇಳಿದರು. "ಶೇಂಗಾ ಇಲ್ಲದ್ದು ಬೇಕಿದ್ರೆ ಆಸ್ಪತ್ರೆಗೆ ಹೋಗ್ರಿ ಮೇಷ್ಟ್ರೆ" ಎಂದು ಉತ್ತರ ಬಂತು.

ಹಾಗಾದರೆ ಬರೀ ಮಿರ್ಚಿ? ಅದು ಮೆತ್ತಗೇ ಇರುತ್ತದೆ. ಆದರೆ ಅಕ್ಕ ಆರಿಸುವ ಮೆಣಸಿನಕಾಯಿಯ ಖಾರಕ್ಕೆ ಸಾಹುಕಾರರಿಗೆ ಬಿಕ್ಕಳಿಕೆ ಹಿಡಿಯುತ್ತದೆ. ಬಿಕ್ಕಳಿಕೆಗೆ ತಾಳ ಇರುವುದಿಲ್ಲ. ಕೊನೆಗೆ ಮೇಷ್ಟ್ರೇ ಫಿಸಿಕ್ಸ್ ಪ್ರಕಾರ ಪರಿಹಾರ ಹೇಳಿದರು. ದೊಡ್ಡ ಸದ್ದು ಸಣ್ಣ ಸದ್ದನ್ನು ಮುಚ್ಚುತ್ತದೆ. ಆದ್ದರಿಂದ ಮಂಡಕ್ಕಿಯನ್ನು ಬಾಯಿಗೆ ಹಾಕಿಕೊಂಡು ಸುಮ್ನೆ ಕೂರಬೇಕು. ತುತ್ತೂರಿ, ನಗಾರಿ ಒಟ್ಟಿಗೆ ಎದ್ದಾಗ ಅಗಿಯಬೇಕು. ಮೂರು ಜನ ವಯಸ್ಸಾದವರು ಕೆನ್ನೆ ಉಬ್ಬಿಸಿಕೊಂಡು ನಗಾರಿಗೆ ಕಾಯುತ್ತ ಕೂತಿದ್ದನ್ನು ನೋಡಿ ಕೆಲಸದ ಹುಡುಗಿ ಅಕ್ಕನನ್ನು ಕರೆದುಕೊಂಡು ಬಂದಳು. ನಗಾರಿ ಬರುವ ಹೊತ್ತಿಗೆ ನನ್ನ ಬಾಯಲ್ಲಿ ನರ್ಗೀಸ್ ಕರಗಿ ಅಂಬಲಿಯಾಗಿತ್ತು. ನುಂಗಿದೆ. ಮೇಷ್ಟ್ರು ಮಾತ್ರ ಸರಿಯಾದ ಜಾಗದಲ್ಲಿ ಅಗಿದು, "ನೋಡಿದ್ರಾ?" ಎಂದು ಹೇಳಲು ರಿಮೋಟ್ ಒತ್ತಿ ನಿಲ್ಲಿಸಿದರು.

ಮಂಡಕ್ಕಿಯ ವಿಷಯ ಸಾಕು. ಬರೆದರೆ ಇನ್ನೂ ಇದೆ.

ಸಾಹುಕಾರರಿಗೆ ಮೈಸೂರಿನ ಮಹಾರಾಜರ ಮೇಲೆ ಒಂದು ತಕರಾರಿದೆ. ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದ ದೊಡ್ಡ ರಸಿಕರು. ರಷ್ಯಾ ಬಿಟ್ಟು ಬಂದು ಲಂಡನ್ನಿನಲ್ಲಿ ಯಾರಿಗೂ ಬೇಡವಾಗಿ ಕೂತಿದ್ದ ಮೆಟ್ನರ್ ಎಂಬ ಸಂಗೀತಗಾರನ ಹೆಸರಿನಲ್ಲಿ ಸೊಸೈಟಿ ಮಾಡಿ, ದುಡ್ಡು ಕೊಟ್ಟು, 1940ರ ದಶಕದ ಕೊನೆಯಲ್ಲಿ ಅವನ ಪಿಯಾನೊ ಸಂಗೀತವನ್ನು ಅವನಿಂದಲೇ ರೆಕಾರ್ಡ್ ಮಾಡಿಸಿದರು. ಮೆಟ್ನರ್ ತನ್ನ ಮೂರನೇ ಪಿಯಾನೊ ಕನ್ಸರ್ಟೊವನ್ನು ಮಹಾರಾಜರಿಗೇ ಅರ್ಪಿಸಿದ. 1950ರಲ್ಲಿ ಜರ್ಮನಿಯ ಸಂಗೀತಗಾರ ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನಲ್ಲಿ ಮೊದಲ ಸಲ ಹಾಡಲ್ಪಟ್ಟಿದ್ದೂ ನಮ್ಮ ಮಹಾರಾಜರ ಹಣದ ಆಸರೆಯಿಂದ. ಆಗ ದಾವಣಗೆರೆ, ಚಿತ್ರದುರ್ಗ ಎರಡೂ ಮೈಸೂರು ಸೀಮೆಯೇ. "ನಮ್ಮ ಅಪ್ಪ ಕಟ್ಟಿದ ತೆರಿಗೆ ಅದರಲ್ಲಿ ಸೇರಿದೆ" ಎನ್ನುತ್ತಾರೆ ಸಾಹುಕಾರರು. "ಮೆಟ್ನರ್‌ಗೆ ಕೊಟ್ಟವರು ಮ್ಯಾಸ್ಕೋವ್‌ಸ್ಕಿಗೆ ಯಾಕೆ ಕೊಡಲಿಲ್ರಿ? ವಯಸ್ಸಲ್ಲಿ ಇಬ್ಬರಿಗೂ ಒಂದೇ ವರ್ಷ ಫರಕು."

ಕೊಡುವುದು ಹೇಗೆ? ಮಹಾರಾಜರು ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದದ್ದು 1948ರಲ್ಲಿ. ಅದೇ ವರ್ಷ ಮಾಸ್ಕೋದಲ್ಲಿ ಕಮ್ಯುನಿಸ್ಟ್ ಪಕ್ಷದವರು ಶೊಸ್ತಕೊವಿಚ್, ಪ್ರೊಕೊಫಿಯೆವ್ ಜೊತೆಗೆ ಮ್ಯಾಸ್ಕೋವ್‌ಸ್ಕಿಯನ್ನೂ ನಿಲ್ಲಿಸಿ, ನಿಮ್ಮ ಸಂಗೀತ ಜನರಿಗಲ್ಲ ಎಂದು ಬೈದರು. ಅವನು ಎದುರು ಮಾತಾಡಲಿಲ್ಲ. ಇನ್ನೊಂದು ಸಿಂಫನಿ ಬರೆದ, 27ನೆಯದು. ಅದನ್ನು ನುಡಿಸುವ ಹೊತ್ತಿಗೆ ತೀರಿಕೊಂಡಿದ್ದ. ಸತ್ತ ಮೇಲೆ ಅದಕ್ಕೆ ಸ್ಟಾಲಿನ್ ಬಹುಮಾನ ಕೊಟ್ಟರು. ಈ ಕಥೆ ಹೇಳುವಾಗ ಮೇಷ್ಟ್ರ ಗಂಟಲು ಕಟ್ಟುತ್ತದೆ. ಆಗ ಮಾತ್ರ ನನಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ.

ಉಳಿದ ಹೊತ್ತೆಲ್ಲ ಬರುತ್ತದೆ. "ಎಂಥ ಅನ್ಯಾಯ, ಜಗತ್ತು ಮರೆತುಬಿಟ್ಟಿತು" ಎಂದು ಇವರು ಕೊರಗುವಾಗ ನನಗೆ ಬೇರೆ ಏನೋ ನೆನಪಾಗುತ್ತದೆ. ಇದೇ ಊರಿನ ಕೆ.ಬಿ.ಆರ್. ಡ್ರಾಮಾ ಕಂಪನಿಯ ನಾಟಕ ನೋಡಿಕೊಂಡೇ ನಾವು ಮೂವರೂ ಬೆಳೆದದ್ದು. ಚಿಂದೋಡಿ ಲೀಲಾ ಅವರ ಹೆಸರು ಎಲ್ಲರಿಗೂ ಗೊತ್ತು. ಪರದೆಯ ಪಕ್ಕ ಕೂತು ರಾತ್ರಿಯೆಲ್ಲ ಹಾರ್ಮೋನಿಯಂ ಒತ್ತಿದವರ ಒಂದು ಹೆಸರು ಹೇಳ್ರಿ ನೋಡೋಣ ಎಂದು ಒಮ್ಮೆ ಕೇಳಿದೆ. ಮೇಷ್ಟ್ರು ಕನ್ನಡಕ ಒರೆಸಿದರು. ಸಾಹುಕಾರರು, "ಅದಕ್ಕೆ ರೆಕಾರ್ಡಿಂಗ್ ಎಲ್ಲಿದೆ? ಇದ್ದರೆ ಕೇಳಬಹುದಿತ್ತು" ಎಂದರು. ಕೇಳುತ್ತಿದ್ದರಂತೆ! ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ.

ಮೊನ್ನೆ ಒಂದು ವಿಶೇಷ ನಡೆಯಿತು. ಹರಿಹರದ ಕಡೆಯ ಒಬ್ಬ ಹುಡುಗ, ಬ್ಯಾಂಕಿನಲ್ಲಿ ಕೆಲಸ, ಯಾರಿಂದಲೋ ಸುದ್ದಿ ತಿಳಿದು ಸಭೆಗೆ ಬಂದ. ಅವನಿಗೂ ಮ್ಯಾಸ್ಕೋವ್‌ಸ್ಕಿ ಗೊತ್ತು! ಮೇಷ್ಟ್ರು, ಸಾಹುಕಾರರು ಅವನನ್ನು ಅಪ್ಪಿಕೊಳ್ಳುತ್ತಾರೆ ಎಂದುಕೊಂಡೆ. ಇಬ್ಬರ ಮುಖವೂ ಹೊಲದೊಳಗೆ ಪಕ್ಕದವನ ಎತ್ತು ಕಂಡ ಹಾಗಾಯಿತು.

"ಯಾವುದು ಕೇಳಿದ್ದೀರಿ?" ಮೇಷ್ಟ್ರು ಕೇಳಿದರು.

"ಇಪ್ಪತ್ತೊಂದು ಸರ್. ತುಂಬಾ ಚೆನ್ನಾಗಿದೆ."

"ಬಿಡ್ರಿ, ಅದನ್ನ ಎಲ್ಲರೂ ಕೇಳ್ತಾರೆ." ಆ ಎಲ್ಲರೂ ಯಾರು ಎಂದು ನಾನು ಕೇಳಲಿಲ್ಲ. ದಾವಣಗೆರೆಯ ಆ ಎಲ್ಲರೂ ಆಗ ಆ ಹಾಲ್‌ನಲ್ಲೇ ಇದ್ದರು.

"ಯಾರದ್ದು? ಒರ್ಮಂಡಿಯದಾ, ಮಾರ್ಟನ್ ಗೌಲ್ಡ್‌ದಾ?" ಸಾಹುಕಾರರ ಪ್ರಶ್ನೆ.

"ಗೊತ್ತಿಲ್ಲ ಸರ್. ಫೋನಲ್ಲಿ ಯಾವುದೋ ಬಂತು."

ಸಾಹುಕಾರರು ಸೋಫಾಕ್ಕೆ ಒರಗಿದರು. ಮೇಷ್ಟ್ರು ಹುಡುಗನನ್ನು ತಿದ್ದುವ ಕೆಲಸಕ್ಕೆ ಕೈ ಹಾಕಿದರು. ಇಪ್ಪತ್ತೊಂದನೆಯದು ಶಿಕಾಗೊದ ವಾದ್ಯವೃಂದ ತನ್ನ 50 ವರ್ಷದ ಸಂಭ್ರಮಕ್ಕೆ ಬರೆಸಿದ್ದು, 1940ರದ್ದು, ಒಂದೇ ಭಾಗ ಎಂದೆಲ್ಲ ವಿವರಿಸಿದರು. ಇಡೀ ಸಿಂಫನಿ ಇಪ್ಪತ್ತು ನಿಮಿಷವೂ ಇಲ್ಲ. ಅದೇ ಶಿಕಾಗೊದವರನ್ನು ಇಟ್ಟುಕೊಂಡು 1968ರಲ್ಲಿ ಗೌಲ್ಡ್ ಮಾಡಿದ ರೆಕಾರ್ಡಿಂಗ್ ಹಾಕಿದರು. ಶುರುವಿನಲ್ಲಿ ಒಂಟಿ ಕ್ಲಾರಿನೆಟ್ ನುಡಿಯಿತು. ಹುಡುಗ ಕಣ್ಣು ಮುಚ್ಚಿದ. ಮೇಷ್ಟ್ರ ಕೈ ಮೇಲೆದ್ದಿತು. "ಇರ್ರಿ ಇರ್ರಿ, ಇದನ್ನೇ ಸ್ವೆಟ್ಲಾನೊವ್ ಹೇಗೆ ಮಾಡ್ತಾನೆ ನೋಡ್ರಿ."

ಹುಡುಗ ಕಣ್ಣು ಬಿಟ್ಟ. "ಸರ್, ಇದು ಚಿಕ್ಕದೇ ಅಲ್ವಾ? ಒಂದ್ಸಲ ಪೂರ್ತಿ ಹಾಕಬಹುದಲ್ವಾ?"

ಮೇಷ್ಟ್ರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ಆಗಲೇ ಎದ್ದು ಸ್ವೆಟ್ಲಾನೊವ್‌ನ ಡಬ್ಬಿ ಹುಡುಕುತ್ತಿದ್ದರು. ಸಾಹುಕಾರರು ಬುಟ್ಟಿಯನ್ನು ಹುಡುಗನ ಕಡೆ ಸರಿಸಿ, ಸಮಾಧಾನದಿಂದಲೇ ಹೇಳಿದರು:

"ಪೂರ್ತಿ ಕೇಳೋಕೆ ನಿಮ್ಮ ಮನೆ ಇದೆಯಲ್ಲಪ್ಪ."