ಹತ್ತದ ಮೆಟ್ಟಿಲು

ವಿಧಾನಸೌಧದ ಮುಂದೆ ನಿಂತವರೆಲ್ಲ ತಲೆಯೆತ್ತಿ ಗುಮ್ಮಟ ನೋಡುತ್ತಾರೆ. ನನಗೆ ಮಾತ್ರ ಕೆಳಗಿನ ಮೆಟ್ಟಿಲುಗಳ ಮೇಲೇ ಕಣ್ಣು. ಒಟ್ಟು 45 ಮೆಟ್ಟಿಲು, ಅಗಲ 200 ಅಡಿಗೂ ಜಾಸ್ತಿ. ಹತ್ತಿಬಿಟ್ಟರೆ ನೆಟ್ಟಗೆ ಮೊದಲ ಮಹಡಿಯ ಮೊಗಸಾಲೆ. ಆದರೆ ಹತ್ತುವವರು ಯಾರು? ಮಂತ್ರಿಗಳ ಕಾರು ಬೇರೆ ಬಾಗಿಲಿಗೆ ಹೋಗುತ್ತದೆ. ಅರ್ಜಿ ಹಿಡಿದು ಬಂದವರು ಪಾಸ್ ತೋರಿಸಿ ಇನ್ನೊಂದು ಕಡೆಯಿಂದ ಒಳಗೆ ಹೋಗುತ್ತಾರೆ. ಮೆಟ್ಟಿಲು ಸುಮ್ನೆ ಬಿಸಿಲು ಕಾಯಿಸಿಕೊಂಡು ಕೂತಿರುತ್ತದೆ.

ಅಪರೂಪಕ್ಕೆ ಅದಕ್ಕೂ ಒಂದು ದಿನ ಬರುತ್ತದೆ. 2018ರಲ್ಲಿ ಕುಮಾರಸ್ವಾಮಿಯವರ ಪ್ರಮಾಣವಚನ ಇಲ್ಲೇ ನಡೆಯಿತು. ದೇಶದ ವಿರೋಧ ಪಕ್ಷಗಳ ಹಲವು ನಾಯಕರು ಸಾಲಾಗಿ ನಿಂತು ಕೈ ಕೈ ಹಿಡಿದು ಮೇಲೆತ್ತಿದ್ದರು. ನಮ್ಮ ಹಳೇ ಮನೆಗಳಲ್ಲಿ ತಲೆಬಾಗಿಲು ನೆಂಟರಿಗೆ, ಹಿತ್ತಲ ಬಾಗಿಲು ಮನೆಯವರಿಗೆ ಅಲ್ವಾ? ಆ ಲೆಕ್ಕದಲ್ಲಿ ಪಕ್ಕದ ಬಾಗಿಲಲ್ಲಿ ಹೋಗುವ ನಾವೇ ಮನೆಯವರು ಅಂತ ಸಮಾಧಾನ ಮಾಡಿಕೊಳ್ಳಬಹುದು. ಮನೆಯವರಿಗೆ ಪಾಸ್ ಯಾಕೆ ಅಂತ ಮಾತ್ರ ಕೇಳಬಾರದು.

ಇದಕ್ಕೆ ಅಡಿಗಲ್ಲು ಹಾಕಿದ್ದು ನೆಹರು, 1951ರ ಜುಲೈ 13ರಂದು. ಆಗ ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿ. ಅವರ ಕಾಲದ ನಕ್ಷೆಯಲ್ಲಿ ಇಷ್ಟೊಂದು ವೈಭವ ಇರಲಿಲ್ಲ. ಮರುವರ್ಷ ಕೆಂಗಲ್ ಹನುಮಂತಯ್ಯನವರು ಬಂದರು, ಕಥೆಯೇ ಬದಲಾಯಿತು. ರಷ್ಯಾದಿಂದ ಬಂದ ಅತಿಥಿಗಳಿಗೆ ಊರು ತೋರಿಸುವಾಗ, "ಎಲ್ಲಾ ಯುರೋಪಿನ ಕಟ್ಟಡಗಳೇ ಕಾಣುತ್ತಿವೆ, ನಿಮ್ಮದೇ ಅನ್ನುವಂಥದ್ದು ಏನೂ ಇಲ್ಲವೇ?" ಎಂದು ಅವರು ಕೇಳಿಬಿಟ್ಟರಂತೆ. ಮಾತು ನಾಟಿತು. ಎದುರಿಗೇ 1868ರ ಕೆಂಪು ಅಠಾರಾ ಕಚೇರಿ, ಅಂದರೆ ಈಗಿನ ಹೈಕೋರ್ಟ್, ನಿಂತಿತ್ತು, ಯುರೋಪಿನ ಶೈಲಿಯ ಕಂಬಗಳ ಸಮೇತ. ಸರ್ಕಾರದ ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಕಂ ಅವರನ್ನು ಜೊತೆಗಿಟ್ಟುಕೊಂಡು ಹನುಮಂತಯ್ಯನವರು ಅದರ ಮೂಗಿನ ನೇರಕ್ಕೇ 700 ಅಡಿ ಉದ್ದದ ಉತ್ತರ ಕಟ್ಟಿಸಿದರು.

ಉತ್ತರ ಬರೆದದ್ದು ಇಲ್ಲಿನದೇ ಕಲ್ಲಿನಲ್ಲಿ. ಬಹುಪಾಲು ಗ್ರಾನೈಟ್ ಮಲ್ಲಸಂದ್ರ, ಹೆಸರಘಟ್ಟದ ಕಡೆಯಿಂದ ಬಂತು. ಅಲಂಕಾರಕ್ಕೆ ಮಾಗಡಿಯ ನಸುಗೆಂಪು ಕಲ್ಲು, ತುರುವೇಕೆರೆಯ ಕರಿಕಲ್ಲು. ಇದನ್ನು ನೋಡಿ "ಬೇಲೂರಿನಷ್ಟು ನಾಜೂಕಿಲ್ಲ" ಎಂದು ಮೂಗು ಮುರಿಯುವವರಿದ್ದಾರೆ. ಅದು ಅನ್ಯಾಯ. ಹೊಯ್ಸಳರ ಕೈಲಿದ್ದದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಬಳೆಯ ಗೀರು, ಸರದ ಮಣಿ ಎಲ್ಲ ಕೆತ್ತಿಸಿಕೊಳ್ಳುತ್ತದೆ. ಗ್ರಾನೈಟ್ ಹಾಗಲ್ಲ. ಮೊದಲಿಂದಲೂ ಹಟಮಾರಿ. ಉಳಿ ಇಟ್ಟರೆ ಬೇಕಾದಲ್ಲಿ ಚೂರು ಏಳುವುದಿಲ್ಲ, ಬೇಡದ ಕಡೆ ಚಕ್ಕೆ ಹಾರುತ್ತದೆ. ಹಾಗಾಗಿ ಇಲ್ಲಿ ಎಲ್ಲವೂ ದೊಡ್ಡ ಕೈಯಲ್ಲೇ ನಡೆದಿದೆ. ಕಮಲದ ದಳಗಳು ದಪ್ಪ, ಕಂಬದ ತಲೆಯ ಬೋದಿಗೆಗಳು ದಪ್ಪ. ಮುಂಭಾಗದ 12 ಕಂಬಗಳು 40 ಅಡಿ ಎತ್ತರ. ಚಾಚಿಕೊಂಡ ಸೂರಿನ ಕೆಳಗೆ ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ನೋಡಬೇಕು. ಕೆತ್ತನೆಗಿಂತ ನೆರಳೇ ಜಾಸ್ತಿ ಚಂದ. ದೂರದಿಂದ, ರಸ್ತೆಯಿಂದ ನೋಡಲೆಂದೇ ಮಾಡಿದ ಕಟ್ಟಡ ಇದು. ಹತ್ತಿರ ಬಂದು ಮೂಗು ತಾಗಿಸಿ ನೋಡುವಂಥದ್ದಲ್ಲ.

ಸುಮಾರು 1,500 ಕಲ್ಲುಕುಟಿಗರು, ಮರಗೆಲಸದವರು ಇಲ್ಲಿ ದುಡಿದರು. ಕೂಲಿಗಳು 5,000ಕ್ಕೂ ಹೆಚ್ಚು, ಅವರಲ್ಲಿ ಜೈಲಿನ ಕೈದಿಗಳೂ ಇದ್ದರು. ಖರ್ಚು ಪೌಣೇ ಎರಡು ಕೋಟಿ ದಾಟಿತು. ಈಗ ಬೆಂಗಳೂರಿನಲ್ಲಿ ಒಂದು ಒಳ್ಳೆಯ ಫ್ಲಾಟ್‌ಗೂ ಅದು ಸಾಲದು. ಆಗ ಅದೇ ದೊಡ್ಡ ರಾದ್ಧಾಂತವಾಯಿತು, ವಿಚಾರಣೆಯೂ ಆಯಿತು. 1956ರಲ್ಲಿ ಕಟ್ಟಡ ಮುಗಿಯಿತು, ಅದೇ ವರ್ಷ ಹನುಮಂತಯ್ಯನವರ ಕುರ್ಚಿಯೂ ಹೋಯಿತು. ಮನೆ ಕಟ್ಟಿಸಿದವರು ಗೃಹಪ್ರವೇಶದ ಹೊತ್ತಿಗೆ ಹೊರಗೆ. "ಸರ್ಕಾರದ ಕೆಲಸ ದೇವರ ಕೆಲಸ" ಎಂದು ಹಣೆಯ ಮೇಲೆ ಬರೆಸಿ ಹೋದರು. ಅದರ ಮೇಲಿನ ಜೋಕುಗಳನ್ನೆಲ್ಲ ಊರವರು ಆಗಲೇ ಮಾಡಿ ಮುಗಿಸಿದ್ದಾರೆ, ನಾನು ಬಿಡುತ್ತೇನೆ.

2005ರಲ್ಲಿ ಪಕ್ಕದಲ್ಲೇ ವಿಕಾಸಸೌಧ ಬಂತು. ಅದೇ ಥರದ ಕಲ್ಲು, ಅದೇ ಥರದ ಗುಮ್ಮಟ. ಆದರೆ ಅದನ್ನು ಹಿಂದಿಟ್ಟುಕೊಂಡು ಹೆಂಡತಿ ಮಕ್ಕಳ ಫೋಟೋ ತೆಗೆಯುವವರನ್ನು ನಾನಂತೂ ಕಂಡಿಲ್ಲ. ನಕಲಿಗೆ ಎದುರಾಳಿ ಇರುವುದಿಲ್ಲವಲ್ಲ! ಹಳೆಯದಕ್ಕೆ ಎದುರಿಗೆ ಅಠಾರಾ ಕಚೇರಿ ಇತ್ತು, ಸೆಟೆದು ನಿಲ್ಲಲು ಒಂದು ಕಾರಣವಿತ್ತು.

2025ರಿಂದ ರಜಾದಿನಗಳಲ್ಲಿ ಟಿಕೆಟ್ ತೆಗೆದುಕೊಂಡು ವಿಧಾನಸೌಧದ ಒಳಗೆ ನೋಡಿ ಬರುವ ಏರ್ಪಾಡಾಗಿದೆ. ಒಳ್ಳೆಯದೇ ಆಯಿತು. ಮಂತ್ರಿಮಂಡಲದ ಕೋಣೆಯ ಗಂಧದ ಬಾಗಿಲು ನೋಡುವ ಆಸೆ ಯಾರಿಗಿಲ್ಲ? ನನ್ನದು ಬೇರೆ ಬೇಡಿಕೆ. ಒಳಗೆ ಬಿಡದಿದ್ದರೂ ಚಿಂತೆಯಿಲ್ಲ, ವರ್ಷಕ್ಕೊಂದು ಭಾನುವಾರ ಆ 45 ಮೆಟ್ಟಿಲನ್ನು ಬಂದವರಿಗೆಲ್ಲ ಬಿಟ್ಟುಕೊಡಲಿ. ಹತ್ತಿ, ಅರ್ಧದಲ್ಲಿ ಸುಸ್ತಾಗಿ ಕೂತು, ಕಡಲೆಕಾಯಿ ತಿಂದು, ಸಿಪ್ಪೆ ಜೇಬಿಗೆ ಹಾಕಿಕೊಂಡು ಇಳಿದು ಬರುತ್ತೇವೆ.